ಅಕ್ಕನ ಮನೆ ಸಿಗುತ್ತಿಲ್ಲ

"ಎಲ್ಲಾನೂ ಒಟ್ಟಿಗೆ ಎಬ್ಬಿಸಬೇಡಿ ಸಾರ್," ಎಂದು ಅವನು ಹೇಳುತ್ತಿದ್ದಾಗಲೇ ಬಲಗೈ ತಾನಾಗಿ ಅಂಗಿಯ ಜೇಬಿಗೆ ಹೋಗಿ ಅಲ್ಲಿದ್ದ ಚೀಟಿಯನ್ನು ಮುಟ್ಟಿ ಬಂತು. ಬೆಳಗಿನಿಂದ ಇದು ಎಷ್ಟನೆಯ ಸಲವೋ. ಚೀಟಿ ಎಲ್ಲಿಗೂ ಹೋಗಿರಲಿಲ್ಲ. ಮಂಗಳವಾರದಿಂದ ಅವನ ಜೇಬಿನಲ್ಲೇ ಇತ್ತು, ದಿನಕ್ಕೊಂದು ಅಂಗಿಗೆ ವರ್ಗವಾಗುತ್ತ. ಫೋನಿನ ಆ ತುದಿಯಲ್ಲಿ ಒಬ್ಬ ಮುದುಕರು ಏದುಸಿರು ಬಿಡುತ್ತ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ಬೆಳಿಗ್ಗೆ ಕರೆಂಟು ಹೋಗಿ ಬಂದ ಮೇಲೆ ಅವರ ಮನೆಯ ದೀಪ, ಫ್ಯಾನು, ಬಾಗಿಲ ಗಂಟೆ ಯಾವುದೂ ಫೋನಿನ ಮಾತು ಕೇಳುತ್ತಿರಲಿಲ್ಲವಂತೆ. ಇಂಥ ಮನೆಗಳವರು ತಲೆ ಕೆಟ್ಟಾಗ ಕರೆ ಮಾಡುವ ಸಹಾಯವಾಣಿಯಲ್ಲಿ ಅವನಿಗೆ ಇದು ಹನ್ನೊಂದನೆಯ ವರ್ಷ. ಬಾಯಿ ತನ್ನ ಪಾಡಿಗೆ ತಾನು ಹೇಳುತ್ತಿರುತ್ತದೆ, ಮನಸ್ಸು ಬೇಕಾದಲ್ಲಿ ಅಲೆಯಬಹುದು. ಮೊದಲು ಇಂಟರ್ನೆಟ್ ಪೆಟ್ಟಿಗೆ ಒಂದನ್ನೇ ಹಚ್ಚಿ, ಎರಡು ನಿಮಿಷ ಬಿಡಿ, ಅದಿನ್ನೂ ಕಣ್ಣುಜ್ಜಿಕೊಳ್ತಾ ಇರತ್ತೆ. ಅಷ್ಟರಲ್ಲಿ ಈ ದೀಪಗಳು ನಾಲ್ಕು ಸಲ ಕರೆದು ನೋಡಿ, ಉತ್ತರ ಬರದೆ ಸುಮ್ಮನಾಗಿಬಿಡ್ತವೆ. ಮುದುಕರು ಹಾಗೇ ಮಾಡಿದರು. ಆದರೂ ದೀಪಗಳು ಬರಲಿಲ್ಲ. "ಪೆಟ್ಟಿಗೆಯ ಹೆಸರೇನಾದ್ರೂ ಬದಲಾಯಿಸಿದ್ರಾ ಸಾರ್?" ಎಂದು ಅವನು ಕೇಳಿದ. ಕೇಳುವಾಗ ಅವನ ಧ್ವನಿ ಒಂದು ಎಳೆಯಷ್ಟು ಸಡಿಲವಾಯಿತು. "ಹೌದಪ್ಪಾ, ನಿನ್ನೆ ಮಗಳು ಬಂದಿದ್ಳು, ಏನೋ ಚೆನ್ನಾಗಿರೋ ಹೆಸರಿಡ್ತೀನಿ ಅಂದ್ಳು." "ಹಳೇ ಹೆಸರನ್ನೇ ವಾಪಸ್ ಇಟ್ಬಿಡಿ. ಅದೇ ಹೆಸರು, ಅದೇ ಪಾಸ್‌ವರ್ಡ್. ಅವಕ್ಕೆ ಹೊಸ ಹೆಸರು ಗೊತ್ತಿಲ್ಲ ಸಾರ್, ಹಳೇದನ್ನೇ ಹುಡುಕ್ತಾ ಕೂತಿರ್ತವೆ." ಹತ್ತು ನಿಮಿಷ ಹಿಡಿಯಿತು. ಕೊನೆಗೆ ಆ ಕಡೆಯಿಂದ ಒಂದು ಗಂಟೆಯ ಸದ್ದು, ಹಿಂದೆಯೇ ಮುದುಕರ ಹೆಂಡತಿ ಇರಬೇಕು, ಬಂತು ಬಂತು ಎಂದು ಚಪ್ಪಾಳೆ ತಟ್ಟಿದ ಸದ್ದು. "ನಿನ್ನ ಹೊಟ್ಟೆ ತಣ್ಣಗಿರಲಪ್ಪಾ. ನಿಮ್ಮನೇಲಿ ಇರೋರು ಪುಣ್ಯವಂತರು, ಏನು ಕೆಟ್ರೂ ಕೈಯಳತೆಯಲ್ಲೇ ಮನುಷ್ಯ ಇದಾನೆ." ಅವನು ನಿಯಮದ ಪ್ರಕಾರ ಧನ್ಯವಾದ ಹೇಳಿ ಕರೆ ಮುಗಿಸಿದ.

ಚೀಟಿಯಲ್ಲಿದ್ದದ್ದು ನಾಲ್ಕೇ ಸಾಲು. ಕಿವುಡ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಅವನ ಅಕ್ಕನಿಗೆ ಹಸಿರು ಶಾಯಿಯಲ್ಲಿ ಬರೆದಿದ್ದರು: ಹೊಲಿಗೆ ಶಿಕ್ಷಕಿಯ ಕೆಲಸದ ಬಗ್ಗೆ ಮಾತಾಡಲು ಮಂಗಳವಾರ ಹನ್ನೊಂದಕ್ಕೆ ಬಂದಿದ್ದೆ, ಮೂರು ಸಲ ಗಂಟೆ ಒತ್ತಿದೆ, ಯಾರೂ ಬಾಗಿಲು ತೆಗೆಯಲಿಲ್ಲ, ಶುಕ್ರವಾರ ಮೂರಕ್ಕೆ ಇನ್ನೊಮ್ಮೆ ಈ ಕಡೆ ಬರುವುದಿದೆ, ಆಗಲೂ ಸಿಗದಿದ್ದರೆ ಮತ್ತೊಬ್ಬರನ್ನು ನೋಡಬೇಕಾಗುತ್ತದೆ. ಮಂಗಳವಾರ ಸಂಜೆ ಬೀಗದ ಕೈ ತಿರುಗಿಸಿ ಒಳಗೆ ಕಾಲಿಟ್ಟಾಗ ಚೀಟಿ ಅವನ ಚಪ್ಪಲಿಗೆ ತಾಗಿತು. ಬಾಗಿಲಲ್ಲಿ ಕಾಗದ ಹಾಕುವ ಸೀಳಿನಿಂದ ಬಿದ್ದು, ಕಾಲೊರಸಿನ ಕೆಳಗೆ ಅರ್ಧ ಸೇರಿಕೊಂಡಿತ್ತು. ಅಕ್ಕ ಒಳಗೆ ಮಿಶನ್ ತುಳಿಯುತ್ತಿದ್ದಳು, ಬೆನ್ನು ಬಾಗಿಲ ಕಡೆಗೆ. ಅವಳಿಗೆ ಹತ್ತೊಂಬತ್ತಕ್ಕೇ ಜ್ವರ ಬಂದು ಎರಡೂ ಕಿವಿ ಹೋದವು. ಬಾಗಿಲು ತೆಗೆದ ಸದ್ದು ಕೇಳದ ಆ ಬೆನ್ನನ್ನು ನೋಡುತ್ತ ಅವನು ಚೀಟಿಯನ್ನು ಓದಿದ, ಮಡಚಿದ, ಜೇಬಿಗೆ ಹಾಕಿಕೊಂಡ. ಯೋಚಿಸಿ ಮಾಡಿದ್ದಲ್ಲ. ಯೋಚನೆ ಮಾಡಿದ್ದರೆ ಇಷ್ಟು ಬೇಗ ಕೈ ಓಡುತ್ತಿರಲಿಲ್ಲ.

ಗಂಟೆ ಒತ್ತಿದರೆ ಮನೆಯ ಮೂರು ದೀಪಗಳು ನೀಲಿಯಾಗಿ ಮಿನುಗುವಂತೆ ಆರು ವರ್ಷದ ಹಿಂದೆ ಅವನೇ ಮಾಡಿಕೊಟ್ಟಿದ್ದ: ಮಿಶನ್ನಿನ ಮೇಲೊಂದು, ಅಡುಗೆಮನೆಯಲ್ಲೊಂದು, ಮಲಗುವ ಕೋಣೆಯಲ್ಲೊಂದು. ಅಕ್ಕ ಅದನ್ನು ಬಟ್ಟೆ ಕೊಡಲು ಬರುವ ಪ್ರತಿಯೊಬ್ಬ ಹೆಂಗಸಿಗೂ ಹೇಳಿ ಹೇಳಿ, ಅವನ ಎದುರಿಗೇ ಹೇಳಿ, ಅವನಿಗೆ ಮೈ ಹಿಡಿಯಾಗುವಂತೆ ಮಾಡುತ್ತಿದ್ದಳು. "ನನ್ನ ತಮ್ಮ ಈ ಮನೆಗೆ ಕಿವಿ ಇಟ್ಟಿದಾನೆ." ಆ ಕಿವಿಗಳು ಭಾನುವಾರದಿಂದ ಕೇಳುತ್ತಿರಲಿಲ್ಲ. ಕಾರಣ ಹೇಳಲು ಹೊರಟರೆ ನಗೆಪಾಟಲು. ಶನಿವಾರ ಊಟದ ಹೊತ್ತಿನಲ್ಲಿ ಪಕ್ಕದ ಕುರ್ಚಿಯವನು ಅವನ ಫೋನನ್ನು ಏನಕ್ಕೋ ತಗೊಂಡು, ಅದರಲ್ಲಿ ಉಳಿದುಕೊಂಡಿದ್ದ ಮನೆಯ ಪೆಟ್ಟಿಗೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದಿದ್ದ. "ಅಕ್ಕನ ಮನೆ! ಏನ್ ಸಾರ್, ಇನ್ನೂ ಅಕ್ಕನ ಮನೇಲೇ ಬೀಡಾ? ನಿಮ್ಮನೆ ಅಂತ ಒಂದು ಯಾವಾಗ ಮಾಡ್ತೀರಿ?" ಮೇಜಿನ ಸುತ್ತ ಇದ್ದ ಆರು ಜನ ನಕ್ಕರು. ಅದರಲ್ಲಿ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರೂ ಇದ್ದರು. ಅವನೂ ನಕ್ಕ, ಎಲ್ಲರಿಗಿಂತ ಜೋರಾಗಿಯೇ. ನಲವತ್ತೇಳು ವರ್ಷ. ಮದುವೆ ಎನ್ನುವುದು ಅಕ್ಕನಿಗೂ ಅವನಿಗೂ ಒಂದೊಂದು ಕಾರಣಕ್ಕೆ ತಪ್ಪಿ, ಅವಳು ಬಾಡಿಗೆಗೆ ಹಿಡಿದ ಮನೆಯಲ್ಲೇ ಇಬ್ಬರೂ ಇದ್ದುಬಿಟ್ಟಿದ್ದರು. ಭಾನುವಾರ ಬೆಳಿಗ್ಗೆ, ಅವಳು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ, ಅವನು ಪೆಟ್ಟಿಗೆಯ ಹೆಸರನ್ನು ಅಳಿಸಿ 'ಮಿಂಚು' ಎಂದು ಬರೆದ. ಪೆಟ್ಟಿಗೆ ಒಮ್ಮೆ ಆರಿ ಮತ್ತೆ ಹತ್ತಿಕೊಂಡಿತು. ದೀಪಗಳೂ ಗಂಟೆಯೂ ಹತ್ತಿಕೊಳ್ಳಲಿಲ್ಲ. ಫೋನಿನಲ್ಲಿ ಒಂದೊಂದರ ಎದುರೂ ಒಂದೇ ಸಾಲು: ಅಕ್ಕನ ಮನೆ ಸಿಗುತ್ತಿಲ್ಲ.

ಅದು ಗೊತ್ತಿದ್ದ ವಿಷಯವೇ. ಅದಕ್ಕೇನು, ಗಂಟೆಗೂ ದೀಪಗಳಿಗೂ ಹೊಸ ಹೆಸರನ್ನು ಕಲಿಸಿದರಾಯಿತು ಎಂದುಕೊಂಡ. ಗಂಟೆಯ ಹಿಂದೆ ಒಂದು ಸೂಜಿಗಣ್ಣಿನಷ್ಟು ತೂತಿರುತ್ತದೆ. ಅದರೊಳಗೆ ಹತ್ತು ಸೆಕೆಂಡು ಒತ್ತಿ ಹಿಡಿದರೆ ಅದು ಹಳೆಯದನ್ನು ಮರೆತು ಹೊಸದಕ್ಕೆ ಬಾಯಿ ತೆರೆಯುತ್ತದೆ. ಆದರೆ ಹೋದ ವರ್ಷ ಬಾಗಿಲಿಗೆ ಬಣ್ಣ ಹೊಡೆದವನು ತೂತಿಗೂ ಧಾರಾಳವಾಗಿ ಹೊಡೆದು ಹೋಗಿದ್ದ. ಸೋಮವಾರ ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋದದ್ದೇ ಅವಳ ಡಬ್ಬಿಯಿಂದ ದಪ್ಪ ಬಟ್ಟೆ ಹೊಲಿಯುವ ಸೂಜಿಯೊಂದನ್ನು ತೆಗೆದುಕೊಂಡು ಅವನು ಬಾಗಿಲ ಬಳಿ ಕೂತು ಕೆದಕಿದ. ಸೂಜಿ ಒಳಗೇ ಮುರಿಯಿತು. ತೂತು ಪೂರ್ತಿ ಮುಚ್ಚಿಹೋಯಿತು. ಇನ್ನು ಆ ಗಂಟೆಗೆ ಯಾವ ಹೊಸ ಹೆಸರನ್ನೂ ಕಲಿಸುವಂತಿಲ್ಲ; ಅದು ಬದುಕಿರುವವರೆಗೂ ಅಕ್ಕನ ಮನೆಯನ್ನೇ ಹುಡುಕುವುದು. ಅವನಿಗೆ ಪರಿಹಾರ ಗೊತ್ತಿತ್ತು. ದಿನಕ್ಕೆ ನಲವತ್ತು ಮನೆಗಳಿಗೆ ಅದನ್ನು ಹೇಳುತ್ತಿದ್ದ. ಆದರೆ ಆ ಎರಡು ಪದಗಳನ್ನು ಮತ್ತೆ ಬರೆಯಲು ಕೂತಾಗಲೆಲ್ಲ ಮೇಜಿನ ಸುತ್ತಿನ ಆರು ಬಾಯಿಗಳು ಕಣ್ಣೆದುರು ಬರುತ್ತಿದ್ದವು. ನಾಳೆ ನೋಡೋಣ ಎಂದು ಫೋನನ್ನು ಮಗುಚಿಡುತ್ತಿದ್ದ. "ನನ್ನ ದಪ್ಪ ಸೂಜಿ ನೋಡಿದ್ಯೇನೋ ಗುಂಡ?" ಎಂದು ಅಕ್ಕ ಸೋಮವಾರ ಸಂಜೆ ಒಮ್ಮೆ, ರಾತ್ರಿ ಒಮ್ಮೆ ಕೇಳಿದಳು. ಅವನು ಗೋಡೆಯ ಕಡೆ ಮುಖ ಮಾಡಿ, ನೋಡಿದ್ದೇನೆ ಎಂದ.

ಗೋಡೆಯ ಕಡೆ ಮುಖ ಮಾಡುವುದು ಅವನ ಹಳೆಯ ಚಾಳಿ. ಅಮ್ಮ ಹೋದ ಮೇಲೆ ಅವನನ್ನು ಸಾಕಿದ್ದು ಅಕ್ಕನೇ. ಅವಳ ಕಿವಿ ಹೋದಾಗ ಅವನಿಗೆ ಹತ್ತು ವರ್ಷ. ಆ ವರ್ಷವೆಲ್ಲ ಸಂಜೆ ಅವನು ಕನ್ನಡಿಯ ಮುಂದೆ ಕೂತು ಪಾಠ ಓದುತ್ತಿದ್ದ, ಅವಳು ಪಕ್ಕದಲ್ಲಿ ಕೂತು ಕನ್ನಡಿಯೊಳಗಿನ ಅವನ ತುಟಿಗಳನ್ನು ನೋಡುತ್ತಿದ್ದಳು. ಒಂದೊಂದು ಸಾಲನ್ನೂ ಅವನು ಮೂರು ಸಲ, ನಾಲ್ಕು ಸಲ ಹೇಳಬೇಕು. ಅವನಿಗೆ ನಿದ್ದೆ ಎಳೆಯುತ್ತಿತ್ತು, ಇನ್ನೊಂದ್ಸಲ ಕಣೋ ಎನ್ನುತ್ತಿದ್ದಳು. ಹಾಗೆ ಅವನ ಬಾಯಿಂದಲೇ ಅವಳು ಊರಿನವರೆಲ್ಲರ ಮಾತನ್ನು ಓದಲು ಕಲಿತಳು. ಅವನು ಕಲಿತದ್ದು ಇನ್ನೊಂದು: ಲೆಕ್ಕದಲ್ಲಿ ನಪಾಸಾದ ದಿನ ಮುಖ ತಿರುಗಿಸಿ ಹೇಳಿದರೆ ಸಾಕು, ಹೇಳಿದಂತೆಯೂ ಆಯಿತು, ಅವಳಿಗೆ ತಿಳಿಯಲೂ ಇಲ್ಲ. ಸುಳ್ಳು ಹೇಳಲಿಲ್ಲವಲ್ಲ ಎಂಬ ಸಮಾಧಾನವೂ ಸಿಗುತ್ತಿತ್ತು. ದೊಡ್ಡವನಾದ ಮೇಲೆ ಆ ಚಾಳಿ ಬಿಡುವುದಿರಲಿ, ಅದಕ್ಕೆ ಮರಿಗಳೂ ಹುಟ್ಟಿದವು. ಅವಳು ನಕ್ಕರೆ ತನಗೆ ಕೇಳಿಸದ ನಗುವಾದ್ದರಿಂದ ಅದು ಬೀದಿಗೆಲ್ಲ ಕೇಳುತ್ತಿತ್ತು; ಆಗ ಅವನು ಗಾಳಿ ಬರುತ್ತಿದೆ ಎಂಬಂತೆ ಎದ್ದು ಕಿಟಕಿ ಮುಚ್ಚುತ್ತಿದ್ದ. ಬಸ್ಸಿನಲ್ಲಾದರೆ ಬೇರೆ ಸೀಟು ನೋಡುತ್ತಿದ್ದ.

ಬುಧವಾರ ಸಂಜೆ ಅವನು ಮನೆಗೆ ಹೋದಾಗ ಅವಳು ದೀಪದ ಕೆಳಗೆ ಕೂತು, ಶಾಲೆಗೆ ಕಳಿಸಿದ್ದ ಮಾದರಿಯ ಜೊತೆ ಹೊಲಿದಿದ್ದ ಇನ್ನೊಂದು ಪುಟ್ಟ ಅಂಗಿಯ ತೋಳನ್ನು ಬಿಚ್ಚುತ್ತಿದ್ದಳು. ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ. "ಎಲ್ಲೋ ತಪ್ಪಿದೆ ಕಣೋ," ಎಂದಳು, ತಲೆ ಎತ್ತದೆ. "ಇಲ್ಲಾಂದ್ರೆ ಇಷ್ಟು ಹೊತ್ತಿಗೆ ಬರ್ತಿದ್ರು. ಕಂಕುಳಲ್ಲಿ ಎಳೆದುಕೊಂಡಿದೆ ಅನ್ಸತ್ತೆ, ನೋಡು." ಅವನು ನೋಡಿದ. ಎಲ್ಲಿಯೂ ಏನೂ ಎಳೆದುಕೊಂಡಿರಲಿಲ್ಲ. ಮೂವತ್ತೇಳು ವರ್ಷದಿಂದ ಹೊಲಿಯುತ್ತಿದ್ದ ಕೈ ಅದು. ಚೀಟಿ ಜೇಬಿನಲ್ಲಿ ಬಿಸಿಯಾದಂತಾಯಿತು. ಅದನ್ನು ತೆಗೆದು ಆ ತೋಳಿನ ಮೇಲೆ ಇಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಇಟ್ಟರೆ, ಗಂಟೆ ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ, ಆಮೇಲೆ ಹೆಸರು, ಆಮೇಲೆ ಯಾಕೆ. ಆ ಯಾಕೆ ಎಂಬುದಕ್ಕೆ ಅವನ ಬಳಿ ಅವಳ ಎದುರು ಹೇಳುವಂಥ ಉತ್ತರ ಇರಲಿಲ್ಲ. ಗುರುವಾರ ಸಂಜೆ ಅವಳು ಅದೇ ತೋಳನ್ನು ಮತ್ತೆ ಹೊಲಿದು, ಮತ್ತೆ ಬಿಚ್ಚುತ್ತಿದ್ದಳು. ಅವನು ಊಟ ಸೇರುತ್ತಿಲ್ಲ ಎಂದು ಬೇಗ ಮಲಗಿದ. ಮಲಗಿಕೊಂಡು ಒಂದು ಉಪಾಯ ಮಾಡಿದ: ಶುಕ್ರವಾರ ಅರ್ಧ ದಿನ ರಜೆ ಹಾಕಿ, ಮೂರಕ್ಕೆ ಮುಂಚೆ ಮನೆಯಲ್ಲಿದ್ದು, ಆಕಸ್ಮಿಕವಾಗಿ ಎಂಬಂತೆ ತಾನೇ ಬಾಗಿಲು ತೆಗೆಯುವುದು. ಚೀಟಿಯ ಮಾತು ಯಾರೂ ಎತ್ತದಂತೆ ನಿಭಾಯಿಸುವುದು.

ರಜೆ ಕೇಳಲು ಹೋದಾಗ ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದ. ಸೂಪರ್‌ವೈಸರ್ ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಮಾತು ಕಡಿಮೆ, ಗಡಿಯಾರ ನೋಡುವುದು ಜಾಸ್ತಿ. ಬೆಳಗಿನ ಮುದುಕರು ಕಚೇರಿಗೆ ಮತ್ತೆ ಫೋನು ಮಾಡಿ ಅವನನ್ನು ಹೊಗಳಿದ್ದರಂತೆ. "ಹೋಗಿ ಸಾರ್. ನಿಮ್ಮ ಕರೆಗಳನ್ನ ನಾನೇ ತಗೋತೀನಿ," ಎಂದಳು. "ನೀವು ಯಾವತ್ತೂ ಕೇಳಿದವರಲ್ಲ. ಮನೇಲಿ ಎಲ್ಲಾ ಸರಿ ಇದೆ ತಾನೇ?" ಅವನು ಹೂಂಗುಟ್ಟಿದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಇವಳು ಹೀಗೆ, ಆ ಮುದುಕರು ಹಾಗೆ, ಈ ದಿನ ಯಾಕೆ ಎಲ್ಲರೂ ತನ್ನ ಮೇಲೆ ಒಳ್ಳೆಯತನವನ್ನು ತಂದು ಸುರಿಯುತ್ತಿದ್ದಾರೆ ಎಂದು ಕೋಪವೂ ಬಂತು. ಬಸ್ಸು ಹೊರಟುಬಿಟ್ಟಿತ್ತು, ಅವನು ಓಡಿಬರುವುದನ್ನು ಕನ್ನಡಿಯಲ್ಲಿ ಕಂಡು ಚಾಲಕ ನಿಲ್ಲಿಸಿದ. ಅವನು ಹತ್ತಿ, ಮುಂದಕ್ಕೆ ಹೋಗಿ, ಥ್ಯಾಂಕ್ಸ್ ಎಂದ. ಚಾಲಕ ತಿರುಗಿಯೂ ನೋಡದೆ ತಲೆಯಾಡಿಸಿದ. ಕಿಟಕಿಯ ಪಕ್ಕ ಕೂತಾಗ, ಇಷ್ಟು ಸುಲಭವಾಗಿ ಒಬ್ಬ ಅಪರಿಚಿತನಿಗೆ ಹೇಳಿದ ಆ ಮಾತನ್ನು ಅಕ್ಕನಿಗೆ ಎಂದಾದರೂ ಹೇಳಿದ್ದೇನೆಯೇ ಎಂದು ನೆನಪಿಸಿಕೊಳ್ಳಲು ನೋಡಿದ. ಹೇಳಿದ್ದಿರಬಹುದು, ಗೋಡೆಗೆ.

ಎರಡೂಕಾಲಿಗೆ ಅವನು ಮನೆಯ ಮೆಟ್ಟಿಲು ಹತ್ತಿದ. ಆ ಹೊತ್ತಿನಲ್ಲಿ ತನ್ನ ಬಾಗಿಲನ್ನು ಅವನು ನೋಡಿಯೇ ಎಷ್ಟೋ ಕಾಲವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ಆರೂವರೆಗೆ. ಬೀಗದ ಕೈ ಹುಡುಕುತ್ತ ಬಗ್ಗಿದವನಿಗೆ, ಕಾಗದ ಹಾಕುವ ಸೀಳಿನಿಂದ ಒಂದು ದಪ್ಪ ಕಪ್ಪು ದಾರ ಹೊರಗೆ ಜೋತುಬಿದ್ದಿರುವುದು ಕಾಣಿಸಿತು. ದಾರದ ತುದಿಗೆ ಕೋಟಿನ ಒಂದು ದೊಡ್ಡ ಗುಂಡಿ. ಅದರ ಮೇಲೆ ಬಾಗಿಲಿಗೆ ಪಿನ್ನು ಚುಚ್ಚಿದ ರಟ್ಟಿನ ಚೂರು, ಅಕ್ಕನ ದುಂಡು ಅಕ್ಷರ: ನನಗೆ ಕಿವಿ ಕೇಳಿಸದು, ದಯವಿಟ್ಟು ಗುಂಡಿ ಎಳೆಯಿರಿ. ಅವನು ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟ. ಈ ದಾರ ಅವನಿಗೆ ಗೊತ್ತು. ಹನ್ನೊಂದು ವರ್ಷದವನಿದ್ದಾಗ ಅವನೇ ಕಟ್ಟಿದ್ದು. ತಾನು ಶಾಲೆಗೆ ಹೋದಾಗ ಬಾಗಿಲಿಗೆ ಜನ ಬಂದದ್ದನ್ನು ಅಕ್ಕನಿಗೆ ಯಾರು ಹೇಳುತ್ತಾರೆ ಎಂದು ಒಂದು ವಾರ ತಲೆ ಕೆಡಿಸಿಕೊಂಡು, ಬಾಗಿಲಿನಿಂದ ಗೋಡೆಯುದ್ದಕ್ಕೂ ಮೊಳೆ ಹೊಡೆದು, ಒಂದೊಂದು ಮೊಳೆಗೂ ಪಿನ್ನಿನ ಬಳೆ ಸಿಕ್ಕಿಸಿ, ಅದರೊಳಗಿಂದ ದಾರ ಎಳೆದು, ಇನ್ನೊಂದು ತುದಿಗೆ ಖಾಲಿ ರೀಲೊಂದನ್ನು ಮಿಶನ್ನಿನ ಸೂಜಿಯ ಎದುರಿಗೇ ತೂಗುಬಿಟ್ಟಿದ್ದ. ಹೊರಗೆ ಎಳೆದರೆ ಒಳಗೆ ರೀಲು ಕುಣಿಯುತ್ತದೆ. ಮನೆ ಬದಲಾದಾಗಲೆಲ್ಲ ದಾರವೂ ಬಂತು. ಆರು ವರ್ಷದ ಹಿಂದೆ, ದೀಪಗಳನ್ನು ಹಾಕಿದ ದಿನ, ಇನ್ನು ಈ ಕಸ ಯಾಕೆ ಎಂದು ಅವನೇ ಬಿಚ್ಚಿದ್ದ. ಅಕ್ಕ ಅದನ್ನು ಎಸೆಯದೆ ಸುತ್ತಿ ಇಟ್ಟಿದ್ದಳು ಎಂಬುದು ಈಗ ತಿಳಿಯಿತು. ಈಗ ತಿಳಿದದ್ದು ಇನ್ನೂ ಒಂದು. ಅವನು ಹೋದ ಮೇಲೆ ಕಟ್ಟುತ್ತಾಳೆ. ಅವನು ಬರುವುದಕ್ಕೆ ಮುಂಚೆ ಬಿಚ್ಚುತ್ತಾಳೆ. ರಟ್ಟಿನ ಮೂಲೆಯಲ್ಲಿ ಪಿನ್ನು ಚುಚ್ಚಿ ತೆಗೆದ ಎರಡು ತೂತುಗಳಿದ್ದವು, ಮೂರನೆಯದರಲ್ಲಿ ಪಿನ್ನು.

ಅವನು ಗುಂಡಿ ಎಳೆದ. ಒಳಗೆ ಮಿಶನ್ನಿನ ಸದ್ದು ನಿಂತಿತು. ಬಾಗಿಲು ತೆಗೆದ ಅಕ್ಕ ಅವನನ್ನು ಕಂಡು, ಮೊದಲು ಗಡಿಯಾರ ನೋಡಿದಳು, ಆಮೇಲೆ ಕೈ ನೀಡಿ ದಾರವನ್ನು ಸೆರಗಿನ ಹಿಂದೆ ಮುಚ್ಚಿಕೊಳ್ಳಲು ನೋಡಿದಳು. ಐವತ್ತಾರು ವರ್ಷದ ಹೆಂಗಸು, ಕದ್ದು ತಿಂದು ಸಿಕ್ಕಿಬಿದ್ದ ಮಗುವಿನ ಹಾಗೆ. "ಇಷ್ಟು ಬೇಗ ಬಂದ್ಯಾ? ಹುಷಾರಿಲ್ವಾ?"

"ಎಷ್ಟು ದಿನದಿಂದ?" ಎಂದು ಅವನು ದಾರವನ್ನು ತೋರಿಸಿದ.

"ಅದಾ... ಬುಧವಾರದಿಂದ. ಎದುರು ಮನೆಯವಳು, ನಿನ್ನೆ ಯಾರೋ ನಿಮ್ಮ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ರು ಅಂದ್ಳು. ಬಟ್ಟೆ ಕೊಡೋರು ಯಾರೋ ಇರ್ಬೇಕು ಅಂದ್ಕೊಂಡೆ. ಆಗ ಗೊತ್ತಾಯ್ತು, ದೀಪ ಬರ್ತಿಲ್ಲ ಅಂತ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ದಿನವೆಲ್ಲ ಊರವರ ದೂರು ಕೇಳಿ ಬಂದಿರ್ತೀಯ. ಮನೇಲೂ ನಾನೊಬ್ಳು ಶುರು ಮಾಡ್ಲಾ? ಆರು ವರ್ಷ ದುಡಿದಿವೆ ಪಾಪ ಆ ದೀಪಗಳು. ಬಿಡುವಾದಾಗ ನೀನೇ ನೋಡ್ತೀಯ ಅಂದ್ಕೊಂಡೆ." ಒಂದು ಕ್ಷಣ ಬಿಟ್ಟು, "ನಿನಗೆ ಬೇಜಾರಾಗತ್ತಲ್ಲ ಅಂತ," ಎಂದಳು.

ಅವನು ಚೀಟಿ ತೆಗೆದು ಕೊಟ್ಟ. ಕೊಡುವಾಗ ಮುಖ ಕಿಟಕಿಯ ಕಡೆ ಹೋಯಿತು. ಹಸಿರು ಶಾಯಿಯ ನಾಲ್ಕು ಸಾಲನ್ನು ಅವಳು ಓದಲು ತೆಗೆದುಕೊಂಡ ಹೊತ್ತು ಬಹಳ ದೊಡ್ಡದಾಗಿತ್ತು. ತಿರುಗಿ ನೋಡಿದಾಗ ಅವಳು ಚೀಟಿಯನ್ನಲ್ಲ, ಮಿಶನ್ನಿನ ಮೇಲೆ ಮಡಚಿಟ್ಟಿದ್ದ ಪುಟ್ಟ ಅಂಗಿಯನ್ನು ನೋಡುತ್ತಿದ್ದಳು. "ಹಾಗಾದ್ರೆ ತೋಳು ಸರಿಯಾಗೇ ಇತ್ತು," ಎಂದಳು ಮೆಲ್ಲಗೆ. ಅವಳಿಗೆ ಮೆಲ್ಲಗೆ ಮಾತಾಡುವ ಅಂದಾಜೇ ಇಲ್ಲ. ಆದರೂ ಅದು ಮೆಲ್ಲಗೇ ಬಂತು. "ಎರಡು ಸಲ ಬಿಚ್ಚಿದ್ನಲ್ಲೋ. ನೀನು ನೋಡ್ತಾ ಕೂತಿದ್ಯಲ್ಲ." ಅವಳ ಕಣ್ಣು ತುಂಬಿತು. ಅವಳು ಅಳುವುದನ್ನು ಅವನು ಅಮ್ಮ ಹೋದಾಗ ಕಂಡಿದ್ದು, ಆಮೇಲೆ ಇಲ್ಲ. ಅವನು ಎರಡು ಕೈಯನ್ನೂ ಜೋತುಬಿಟ್ಟು ನಿಂತ. ಬೈಗುಳ ಬರಲಿ ಎಂದು ಕಾದ. ಅವಳು ಸೆರಗಿನಲ್ಲಿ ಕಣ್ಣೊರಸಿಕೊಂಡು ಮತ್ತೆ ಗಡಿಯಾರ ನೋಡಿದಳು. "ಎರಡೂವರೆ ಆಗ್ತಾ ಬಂತು. ತೋಳು ಬಿಚ್ಚಿರೋ ಅಂಗಿ ತೋರಿಸೋಕಾಗತ್ತಾ ಅವರಿಗೆ? ಇಸ್ತ್ರಿಪೆಟ್ಟಿಗೆ ಹಚ್ಚು. ಆ ಬಟ್ಟೆಗಂಟನ್ನೆಲ್ಲ ಒಳಗೆ ಹಾಕು. ಹೋಗು."

ಅವಳು ಮಿಶನ್ನಿಗೆ ಕೂತು ಹೊಲಿಗೆ ಹಾಕಲು ಶುರು ಮಾಡಿದಳು. ಬೆನ್ನು ಅವನ ಕಡೆಗೆ. ಅವನು ಇಸ್ತ್ರಿ ಹಚ್ಚಿ, ಗಂಟುಗಳನ್ನು ಒಳಗೆ ಒಯ್ದು, ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತ. ಫೋನಿನಲ್ಲಿ ಹೆಸರಿನ ಜಾಗ ತೆರೆದುಕೊಂಡಿತು. "ಗಂಟೆ ಯಾಕೆ ಕೆಡ್ತು ಅಂತ ನೀನು ಕೇಳಲೇ ಇಲ್ಲ, ಪೆಟ್ಟಿಗೆಯ ಹೆಸರು ಬದಲಾಯಿಸಿದ್ದು ನಾನೇ," ಎಂದು ಆ ಬೆನ್ನಿಗೆ ಹೇಳಿದ. ಮಿಶನ್ನು ಓಡುತ್ತಿತ್ತು. "ಯಾರೋ ನಕ್ಕರು ಅಕ್ಕ. ನಿನ್ನ ಮನೇಲಿದೀನಿ ಅಂತ ನಕ್ಕರು. ನಾನೂ ನಕ್ಕೆ. ನನಗೆ ನಿನ್ನ ಮನೆ ಬಿಟ್ಟು ಬೇರೆ ಮನೆ ಯಾವತ್ತೂ ಬೇಕಾಗಿರ್ಲಿಲ್ಲ, ಅದನ್ನ ಹೇಳೋಕೆ ಬಾಯಿ ಬರ್ಲಿಲ್ಲ." ಗಟ್ಟಿಯಾಗಿ, ಸ್ಪಷ್ಟವಾಗಿ, ಸಹಾಯವಾಣಿಯ ಧ್ವನಿಯಲ್ಲಿ ಹೇಳಿದ. ಎಲ್ಲವನ್ನೂ ಹೇಳಿ ಮುಗಿಸಿದಾಗ ಎದೆ ಹಗುರಾಗುವ ಬದಲು ನಾಚಿಕೆಯಿಂದ ಸುಟ್ಟಿತು. ಲೆಕ್ಕದಲ್ಲಿ ನಪಾಸಾದ ಹುಡುಗ ಇನ್ನೂ ಗೋಡೆಗೇ ಹೇಳುತ್ತಿದ್ದಾನೆ. ಅವನು 'ಮಿಂಚು' ಎಂಬುದನ್ನು ಅಳಿಸಿದ. 'ಅಕ್ಕನ ಮನೆ' ಎಂದು ಬರೆದ. ಬರೆಯುವುದು ಅಷ್ಟು ಕಷ್ಟವೇನೂ ಆಗಲಿಲ್ಲ. ಪೆಟ್ಟಿಗೆಯನ್ನು ಆರಿಸಿ, ಹಚ್ಚಿ, ದಿನಕ್ಕೆ ನಲವತ್ತು ಸಲ ಹೇಳುವ ಎರಡು ನಿಮಿಷವನ್ನು ತಾನೂ ಕಾದ. ತನ್ನ ಹನ್ನೊಂದು ವರ್ಷದಲ್ಲಿ ಆ ಎರಡು ನಿಮಿಷ ಎಷ್ಟು ಉದ್ದ ಎಂದು ಗೊತ್ತೇ ಇರಲಿಲ್ಲ. ಆಮೇಲೆ ದೀಪಗಳು ಒಂದೊಂದಾಗಿ. ಫೋನಿನಲ್ಲಿ ಸಾಲುಗಳು ಬದಲಾದವು: ಸಿಕ್ಕಿತು, ಸಿಕ್ಕಿತು, ಸಿಕ್ಕಿತು. ಕೊನೆಗೆ, ಹೊಟ್ಟೆಯಲ್ಲಿ ಸೂಜಿ ಮುರಿದುಕೊಂಡಿದ್ದ ಗಂಟೆಯೂ.

ಅಕ್ಕನ ಭುಜ ಮುಟ್ಟಿ ಅವಳನ್ನು ತಿರುಗಿಸಿ, ಹೊರಗೆ ಹೋಗಿ ಒತ್ತುತ್ತೇನೆ, ನೋಡುತ್ತಿರು ಎಂದು ಸನ್ನೆ ಮಾಡಿದ. ಬಾಗಿಲು ಮುಚ್ಚಿ, ಮೆಟ್ಟಿಲ ಮೇಲೆ ನಿಂತು ಗಂಟೆ ಒತ್ತಿದ. ಯಾರೂ ತೆಗೆಯಲಿಲ್ಲ. ಇನ್ನೊಂದು ಸಲ ಒತ್ತಿದ. ಕಾಲ ಬಳಿಯಲ್ಲೇ ದಾರದ ಗುಂಡಿ ತೂಗುತ್ತಿತ್ತು. ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಮಂಗಳವಾರ ಇಲ್ಲೇ, ಇದೇ ಕಲ್ಲಿನ ಮೇಲೆ ಮುಖ್ಯೋಪಾಧ್ಯಾಯಿನಿ ನಿಂತಿದ್ದಿರಬೇಕು, ಒಳಗೆ ಮಿಶನ್ನಿನ ಸದ್ದು ಕೇಳಿಸುತ್ತಿದ್ದರೂ ಬಾಗಿಲು ತೆರೆಯದೆ.

"ಇವತ್ತೂ ತೆಗೀತಾ ಇಲ್ವಾ?" ಎಂದು ಹಿಂದಿನಿಂದ ಯಾರೋ ಕೇಳಿದರು. ಕೊಡೆ, ಕಂಕುಳಲ್ಲಿ ಫೈಲು, ಅದಕ್ಕೆ ಸಿಕ್ಕಿಸಿದ ಹಸಿರು ಪೆನ್ನು. ಮೂರಕ್ಕೆ ಇನ್ನೂ ಐದು ನಿಮಿಷ ಇತ್ತು. ಅವನು ಹಿಂದಿನ ರಾತ್ರಿಯಿಂದ ತಯಾರು ಮಾಡಿಟ್ಟುಕೊಂಡಿದ್ದ ನಾಜೂಕಿನ ಮಾತುಗಳು ಒಂದೂ ನೆನಪಾಗಲಿಲ್ಲ. "ಒಳಗಿದಾರೆ ಮೇಡಂ. ಮಂಗಳವಾರನೂ ಇದ್ರು. ಗಂಟೆ ಕೆಟ್ಟಿತ್ತು, ಕೆಡಿಸಿದ್ದು ನಾನು. ನಿಮ್ಮ ಚೀಟಿ ಬಚ್ಚಿಟ್ಟಿದ್ದೂ ನಾನೇ. ಅಕ್ಕನಿಗೆ ಈಗ ಅರ್ಧ ಗಂಟೆ ಮುಂಚೆ ಗೊತ್ತಾಗಿದ್ದು." ಮುಖ್ಯೋಪಾಧ್ಯಾಯಿನಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ನೀವೇನು ಕೆಲಸ ಮಾಡ್ತೀರಿ?" "ಕೆಟ್ಟ ಗಂಟೆ ಸರಿ ಮಾಡಿಕೊಡೋದು ಮೇಡಂ." ಅವರಿಗೆ ನಗು ಬಂತೋ ಕೋಪ ಬಂತೋ ತಿಳಿಯಲಿಲ್ಲ. ಅವನು ಮೂರನೆಯ ಸಲ ಒತ್ತಿದ. ಬಾಗಿಲು ಹಾರುಹೊಡೆದಂತೆ ತೆರೆಯಿತು. "ಬಂತು ಕಣೋ ಗುಂಡ! ಮೊದಲ್ನೇ ಸಲಕ್ಕೇ ಬಂತು! ಅಡುಗೆಮನೇದು ಬರತ್ತಾ ನೋಡೋಣ ಅಂತ ಒಳಗೆ ಓಡ್ದೆ, ಅಲ್ಲೂ ಬಂತು. ಆಮೇಲೆ ಮಲಗೋ ಕೋಣೇಗೆ..." ಎನ್ನುತ್ತಿದ್ದವಳು ಅವನ ಹಿಂದೆ ನಿಂತವರನ್ನು ಕಂಡು ಸೆರಗು ಸರಿಮಾಡಿಕೊಂಡಳು.

ಮುಖ್ಯೋಪಾಧ್ಯಾಯಿನಿ ಒಳಗೆ ಬಂದು, ಕೂರುವ ಮುಂಚೆ ಕುರ್ಚಿಯನ್ನು ಬೆಳಕಿನ ಕಡೆ ತಿರುಗಿಸಿಕೊಂಡು, ಅಕ್ಕನಿಗೆ ತಮ್ಮ ಮುಖ ಪೂರ್ತಿ ಕಾಣುವಂತೆ ಕೂತರು. ಅಷ್ಟಕ್ಕೇ ಅಕ್ಕನ ಮೈಯ ಬಿಗಿ ಇಳಿಯಿತು. ಅವರು ಪುಟ್ಟ ಅಂಗಿಯನ್ನು ಒಳಮಗ್ಗುಲು ಮಾಡಿ ಕಂಕುಳ ಹೊಲಿಗೆಯ ಮೇಲೆ ಬೆರಳಾಡಿಸಿದರು, ಎಳೆದು ನೋಡಿದರು, ಏನೂ ಅನ್ನದೆ ಮಡಚಿಟ್ಟರು. ಆಮೇಲೆ ಗೋಡೆಯುದ್ದಕ್ಕೂ ಹೋಗಿದ್ದ ದಾರ ಅವರ ಕಣ್ಣಿಗೆ ಬಿತ್ತು. ಎದ್ದು ಹೋಗಿ ಒಮ್ಮೆ ಎಳೆದರು. ಮಿಶನ್ನಿನ ಮುಂದೆ ರೀಲು ಕುಣಿಯಿತು. ಇನ್ನೊಮ್ಮೆ ಎಳೆದರು. "ನಮ್ಮ ಮಕ್ಕಳಿಗೆ ಇದನ್ನ ತೋರಿಸ್ಬೇಕು," ಎಂದರು. "ಸೋಮವಾರದಿಂದ ಬರೋಕಾಗತ್ತಾ ನಿಮಗೆ?" ಅಕ್ಕ ಅವರ ತುಟಿಯನ್ನು ಓದಿ, ನಂಬದೆ, ಅವನ ಕಡೆ ನೋಡಿದಳು. ಹೌದು ಎಂದು ಅವನು ತಲೆಯಾಡಿಸಿದ. ಅವಳು ಕೈ ಜೋಡಿಸಿದಳು. ಆಮೇಲೆ, ಬಂದವರಿಗೆಲ್ಲ ಹೇಳುವ ಮಾತನ್ನು, ಇವತ್ತಾದರೂ ಬಿಟ್ಟಾಳು ಎಂದು ಅವನು ಅಂದುಕೊಳ್ಳುತ್ತಿರುವಾಗಲೇ, ಹೇಳಿಬಿಟ್ಟಳು. "ಈ ದಾರ ಕಟ್ಟಿದ್ದು ಇವನೇ, ಹನ್ನೊಂದು ವರ್ಷಕ್ಕೆ. ದೀಪ ಹಾಕಿದ್ದೂ ಇವನೇ. ಈ ಮನೆಗೆ ಕಿವಿ ಇಟ್ಟೋನು ನನ್ನ ತಮ್ಮ."

ಅವನ ಮುಖ ಆಗಲೇ ಕಿಟಕಿಯ ಕಡೆ ಹೊರಟಿತ್ತು. ಅರ್ಧ ದಾರಿಯಲ್ಲಿ ಅದು ಅವನಿಗೆ ತಿಳಿಯಿತು. ಅವನು ಎದ್ದು, ಮಿಶನ್ನನ್ನು ಬಳಸಿಕೊಂಡು ಬಂದು, ಅಕ್ಕನ ಎದುರಿಗೆ, ದೀಪದ ಕೆಳಗೆ ನಿಂತ. ಕನ್ನಡಿಯ ಮುಂದೆ ಪಾಠ ಒಪ್ಪಿಸುವಾಗ ಕೂರುತ್ತಿದ್ದಷ್ಟೇ ದೂರದಲ್ಲಿ. "ಅಕ್ಕ, ಇಲ್ನೋಡು. ಆ ಕಿವಿ ಕಿತ್ತೋನೂ ನಾನೇ. ಅಕ್ಕನ ಮನೆ ಅಂತ ಇದ್ದ ಹೆಸರನ್ನ ಅಳಿಸಿಹಾಕಿದ್ದೆ. ನಿನ್ನ ಮನೇಲಿದೀನಿ ಅನ್ನೋಕೆ ನಾಚಿಕೆಯಾಯ್ತು ನನಗೆ. ನೀನು ಸಾಕಿದ್ದಕ್ಕೆ ಇವತ್ತಿನವರೆಗೂ ಒಂದು ಒಳ್ಳೇ ಮಾತು ಹೇಳಿಲ್ಲ. ಹೇಳಿದ್ರೂ ನಿನಗೆ ಕಾಣದ ಹಾಗೆ ಹೇಳಿದೀನಿ."

ಅವನ ತುಟಿ ನಿಲ್ಲುವವರೆಗೂ ಅವಳು ನೋಡಿದಳು. ನಿಂತ ಮೇಲೂ ಒಂದು ಕ್ಷಣ ನೋಡಿದಳು, ಇನ್ನೂ ಸಾಲು ಉಳಿದಿದೆಯೋ ಎಂದು. ಆಗ ಇನ್ನೊಂದ್ಸಲ ಕಣೋ ಎನ್ನುತ್ತಿದ್ದವಳು ಈಗ ಹಾಗೆನ್ನಲಿಲ್ಲ.

"ಸರಿ," ಎಂದಳು. "ನನ್ನ ದಪ್ಪ ಸೂಜಿ ಎಲ್ಲಿ?"

"ಗಂಟೆಯೊಳಗೆ," ಎಂದು ಅವನು ಅವಳಿಗೆ ಓದಲು ಸಿಗುವಂತೆ ನಿಧಾನವಾಗಿ ಹೇಳಿದ. "ಮುರಿದುಹೋಗಿದೆ."

ಅಕ್ಕ ಮುಖ್ಯೋಪಾಧ್ಯಾಯಿನಿಯ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು, ಆಮೇಲೆ ನಕ್ಕಳು. ಮೂರು ಮನೆಯಾಚೆಗೆ ಕೇಳುವಂಥ ನಗು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು ಮನೆಯ ಕಡೆ ತಿರುಗಿ ನೋಡಿದರು. ಅವನು ಕಿಟಕಿ ಮುಚ್ಚಲಿಲ್ಲ.